ಓಲೆಗರಿಯ ಅಕ್ಷರ ಬಲ್ಲವರು

ಮೂಡುಬಿದಿರೆಗೆ ಬಂದವರು ಸಾವಿರ ಕಂಬದ ಬಸದಿಯನ್ನು ನೋಡದೆ ಹೋಗುವುದಿಲ್ಲ. 1430ರಲ್ಲಿ ಕಟ್ಟಿಸಿದ ತ್ರಿಭುವನತಿಲಕ ಚೂಡಾಮಣಿಯ ಕಂಬಗಳ ನಡುವೆ ಸುತ್ತಾಡಿ, ಹೊತ್ತು ಉಳಿದಿದ್ದರೆ ಬೆಳ್ತಂಗಡಿ ತಾಲೂಕಿನ ವೇಣೂರಿಗೆ ಹೋಗಿ 1604ರ ಗೊಮ್ಮಟನನ್ನೂ ಕಂಡು ಬರುತ್ತಾರೆ. ಊರೊಳಗಿನ ಗುರುಬಸದಿಯ ಮೆಟ್ಟಿಲು ಹತ್ತುವವರು ಕಡಿಮೆ. ಮೂಡುಬಿದಿರೆಯ ಹದಿನೆಂಟು ಬಸದಿಗಳಲ್ಲಿ ಹಿರಿಯದು ಅದು, ಮೂಲನಾಯಕ ಪಾರ್ಶ್ವನಾಥಸ್ವಾಮಿ. ಅದನ್ನು ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ದಿಗಂಬರ ಜೈನರು ತಮ್ಮ ಮೂಲ ಆಗಮವೆಂದು ತಲೆಬಾಗುವ ಸಿದ್ಧಾಂತ ಗ್ರಂಥಗಳ ಹಳೆಯ ತಾಳೆಯೋಲೆ ಪ್ರತಿಗಳು, ದೇಶದ ಬೇರಾವ ಭಂಡಾರದಲ್ಲೂ ಉಳಿಯದೆ ಹೋದ ಪ್ರತಿಗಳು, ಶತಮಾನಗಳ ಕಾಲ ಉಳಿದು ಬಂದದ್ದು ಈ ಬಸದಿಯಲ್ಲಿ.

ಧವಲ, ಜಯಧವಲ, ಮಹಾಧವಲ ಎಂದು ಆ ಗ್ರಂಥಗಳ ಹೆಸರು. ಅವು ಬಸದಿಯ ಕತ್ತಲಿನಿಂದ ಅಚ್ಚುಮನೆಗೆ ಬಂದ ಚರಿತ್ರೆಯನ್ನು ಹಿಂದಿಯಲ್ಲಿ ಹಲವರು ಬರೆದಿದ್ದಾರೆ. ಹಣ ಕೊಟ್ಟ ಸೇಠರು, ಸಂಪಾದಿಸಿದ ಪ್ರಾಧ್ಯಾಪಕರು, ಪ್ರಕಟಿಸಿದ ಸಂಸ್ಥೆಗಳು ಅಲ್ಲಿ ಎದ್ದು ಕಾಣುತ್ತಾರೆ. ಅವರ ಋಣ ದೊಡ್ಡದೇ. ಆದರೆ ಆ ಓಲೆಗಳ ಲಿಪಿ ಹಳಗನ್ನಡದ್ದು. ಅದನ್ನು ಓದಬಲ್ಲವರು ಇಲ್ಲದಿದ್ದರೆ ಹಣವೂ ಪಾಂಡಿತ್ಯವೂ ಬಸದಿಯ ಹೊಸ್ತಿಲಲ್ಲೇ ನಿಲ್ಲಬೇಕಿತ್ತು. ಓದಿ, ಬರೆದು, ತಿದ್ದಿ, ಪಟ್ಟಿ ಮಾಡಿ ಕೊಟ್ಟ ನಮ್ಮ ಪಂಡಿತರ ಹೆಸರುಗಳು ಮುನ್ನುಡಿಯ ಕೃತಜ್ಞತೆಯ ಸಾಲುಗಳಲ್ಲಿ ಉಳಿದುಬಿಟ್ಟಿವೆ. ಅವರಲ್ಲಿ ಇಬ್ಬರು ಮೂಡುಬಿದಿರೆಯಲ್ಲೇ ಕುಳಿತು ದುಡಿದವರು: ಪಂಡಿತ ಲೋಕನಾಥ ಶಾಸ್ತ್ರಿ ಮತ್ತು ವಿದ್ಯಾಭೂಷಣ ಪಂಡಿತ ಕೆ. ಭುಜಬಲಿ ಶಾಸ್ತ್ರಿ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಗ್ರಂಥಗಳ ಹಿನ್ನೆಲೆಯನ್ನು ಸ್ವಲ್ಪ ಹೇಳದೆ ಅವರ ಕೆಲಸದ ತೂಕ ತಿಳಿಯದು. ಜೈನ ಪರಂಪರೆಯ ಪ್ರಕಾರ ಗಿರಿನಾರದ ಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ, ತಾವು ಬಲ್ಲ ಶ್ರುತಜ್ಞಾನ ತಮ್ಮೊಂದಿಗೇ ಮುಗಿದುಹೋಗುತ್ತದಲ್ಲ ಎಂಬ ಚಿಂತೆ ಹತ್ತಿತು. ದಕ್ಷಿಣದ ಮುನಿಸಂಘಕ್ಕೆ ಹೇಳಿಕಳುಹಿಸಿದರು. ಅಲ್ಲಿಂದ ಬಂದ ಪುಷ್ಪದಂತ, ಭೂತಬಲಿ ಎಂಬ ಇಬ್ಬರಿಗೆ ಪಾಠ ಹೇಳಿದರು. ಪುಷ್ಪದಂತರು ಹಿಂದಿರುಗಿ ವನವಾಸಿಗೆ, ಅಂದರೆ ನಮ್ಮ ಬನವಾಸಿಗೆ, ಬಂದು ಮೊದಲ 177 ಸೂತ್ರಗಳನ್ನು ರಚಿಸಿದರು. ಉಳಿದದ್ದನ್ನು ಭೂತಬಲಿಗಳು ಪೂರೈಸಿದರು. ಹೀಗೆ ಪ್ರಾಕೃತದಲ್ಲಿ ಹುಟ್ಟಿದ್ದು ‘ಷಟ್ಖಂಡಾಗಮ’. ಬಾಯಿಂದ ಬಾಯಿಗೆ ಬರುತ್ತಿದ್ದ ವಿದ್ಯೆ ಮೊದಲ ಬಾರಿಗೆ ಗ್ರಂಥವಾದ ದಿನವೆಂದು ಜ್ಯೇಷ್ಠ ಶುದ್ಧ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಅಂದು ಪೂಜೆ ಪುಸ್ತಕಕ್ಕೆ.

ಈ ಆಗಮದ ಮೊದಲ ಐದು ಖಂಡಗಳಿಗೆ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನವೇ ‘ಧವಲ’, 72 ಸಾವಿರ ಶ್ಲೋಕ ಪ್ರಮಾಣದ್ದು. ಮುಂದೆ ಅದನ್ನು ಸಂಪಾದಿಸಿದ ಹೀರಾಲಾಲ್ ಜೈನರ ಲೆಕ್ಕದಂತೆ ಅದು ಮುಗಿದದ್ದು ಕ್ರಿ.ಶ. 816ರಲ್ಲಿ. ಗುಣಧರಾಚಾರ್ಯರ ‘ಕಸಾಯಪಾಹುಡ’ದ ಮೇಲೆ ವೀರಸೇನರು ಆರಂಭಿಸಿ, ಅವರ ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದ್ದು ‘ಜಯಧವಲ’. ಅದು 60 ಸಾವಿರ. ಭೂತಬಲಿಗಳೇ ರಚಿಸಿದ ಆರನೆಯ ಖಂಡ ‘ಮಹಾಬಂಧ’ಕ್ಕೆ ಮಹಾಧವಲ ಎಂಬ ಹೆಸರು ರೂಢಿಗೆ ಬಂತು. ರಾಷ್ಟ್ರಕೂಟ ಅಮೋಘವರ್ಷನ ಕಾಲವೆಂದರೆ ನಮಗೆ ‘ಕವಿರಾಜಮಾರ್ಗ’ ನೆನಪಾಗುತ್ತದೆ. ಅದೇ ಅರಸನ ಆಳ್ವಿಕೆಯಲ್ಲಿ ಪೂರ್ಣಗೊಂಡದ್ದು ಜಯಧವಲ.

ಮೂಡುಬಿದಿರೆಯ ಪ್ರತಿಗಳು ಸುಮಾರು ಮುನ್ನೂರು ವರ್ಷ ಆಮೇಲಿನವು. ಎರಡಡಿಗೂ ಮಿಕ್ಕ ಉದ್ದದ ಓಲೆಗಳು, ದುಂಡು ಹಳಗನ್ನಡ ಅಕ್ಷರ. ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಹೊಯ್ಸಳರ ಕಾಲದ ಚಿತ್ರಕಲೆಯನ್ನು ಅಭ್ಯಾಸ ಮಾಡುವವರು ಶಿಲ್ಪ ಬಿಟ್ಟು ವರ್ಣಚಿತ್ರ ಬೇಕೆಂದರೆ ಈ ಗರಿಗಳನ್ನೇ ಆಶ್ರಯಿಸಬೇಕು. ಪ್ರಶಸ್ತಿಯ ಪದ್ಯಗಳು ಯಾರು ಬರೆಸಿದರೆಂದು ಹೇಳುತ್ತವೆ. ಧವಲದ ಪ್ರತಿಯನ್ನು ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟವಳು ಮಂಡಲಿನಾಡಿನ ಗಂಗ ಮನೆತನದ ದೇಮಿಯಕ್ಕ. ಮಹಾಬಂಧವನ್ನು ಬರೆಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದವಳು ಮಲ್ಲಿಕಬ್ಬೆ. ಇಬ್ಬರೂ ಪಂಚಮಿಯ ವ್ರತ ಹಿಡಿದು, ಅದರ ಉದ್ಯಾಪನೆಗೆ ಗ್ರಂಥ ಬರೆಸಿಕೊಟ್ಟವರು. ಚಿನ್ನ, ಹಸು, ಭೂಮಿ ದಾನ ಕೊಟ್ಟ ರಾಣಿಯರ ಶಾಸನಗಳು ನಾಡಿನ ತುಂಬ ಇವೆ. ಸಾವಿರಾರು ಶ್ಲೋಕದ ಒಂದು ಶಾಸ್ತ್ರವನ್ನು ಲಿಪಿಕಾರನಿಗೆ ಸಂಬಳ ಕೊಟ್ಟು ಬರೆಸಿ, ಅದನ್ನೇ ದಾನವೆಂದು ಕೊಟ್ಟ ಈ ಇಬ್ಬರು ಹೆಂಗಸರ ಹೆಸರು ನಮ್ಮ ಶಾಲೆಯ ಪಾಠಪುಸ್ತಕಗಳಲ್ಲಿ ಇರಬೇಕಿತ್ತು.

ಕಾಲ ಕಳೆದಂತೆ ಆ ಓಲೆಗಳನ್ನು ಓದುವುದು ನಿಂತಿತು, ದರ್ಶನ ಮಾತ್ರ ಉಳಿಯಿತು. ಯಾತ್ರಿಕರು ಬಂದಾಗ ಬಸದಿಯ ರತ್ನಬಿಂಬಗಳೊಂದಿಗೆ ಈ ಕಟ್ಟುಗಳನ್ನೂ ತೆರೆದು ತೋರಿಸುತ್ತಿದ್ದರು. ಬಂದವರು ಕೈಮುಗಿದು, ಕಾಣಿಕೆ ಹಾಕಿ ಹೋಗುತ್ತಿದ್ದರು. ಹೊರಗಿನವರು ಇದನ್ನು ಬರೆಯುವಾಗ ಮೂಢನಂಬಿಕೆ, ಸಂಕುಚಿತತನ ಎಂದೆಲ್ಲ ಬೈದಿದ್ದಾರೆ. ನನಗೆ ಆ ಬೈಗುಳ ಒಪ್ಪಿಗೆಯಿಲ್ಲ. ನಮ್ಮ ಕರಾವಳಿಯ ಮಳೆಗಾಲ ನಾಲ್ಕು ತಿಂಗಳು ಗೋಡೆಯನ್ನೇ ಬೆವರಿಸುತ್ತದೆ. ಗೆದ್ದಲು, ಬೆಳ್ಳಿಹುಳು, ಬೂಷ್ಟು ಬಿಡದ ನೆಲದಲ್ಲಿ ಓಲೆಗರಿಯೊಂದು ಎಂಟುನೂರು ವರ್ಷ ಉಳಿಯಬೇಕಾದರೆ ತಲೆಮಾರು ತಲೆಮಾರಿಗೆ ಯಾರೋ ಅದನ್ನು ಬಿಡಿಸಿ, ಒರೆಸಿ, ಗಾಳಿಗೆ ಹಿಡಿದು, ಮತ್ತೆ ಹಲಗೆಗಳ ನಡುವೆ ಕಟ್ಟಿಟ್ಟಿರಬೇಕು. ಬಸದಿಯ ಅರ್ಚಕರಾದ ಇಂದ್ರರು, ಊರಿನ ಸೆಟ್ಟರು, ಮಠದ ಭಟ್ಟಾರಕರು ಆ ಕೆಲಸವನ್ನು ಭಕ್ತಿಯಿಂದ ಮಾಡಿದರು. ಓದಲು ಬಾರದಿದ್ದರೂ ಕಾಯ್ದರು. ಉತ್ತರದ ದೊಡ್ಡ ದೊಡ್ಡ ಶಾಸ್ತ್ರಭಂಡಾರಗಳಲ್ಲಿ ಇದರ ಒಂದು ಪ್ರತಿಯೂ ಉಳಿಯಲಿಲ್ಲ ಎಂಬುದನ್ನು ಅವರನ್ನು ದೂರುವವರು ಮರೆಯಬಾರದು.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಸಂಘ ಕಟ್ಟಿಕೊಂಡು ಮೂಡುಬಿದಿರೆಯ ಯಾತ್ರೆಗೆ ಬಂದರು. ದರ್ಶನಕ್ಕೆ ತೆಗೆದ ಓಲೆಗಳ ಅಂಚು ಮುಕ್ಕಾಗಿದ್ದನ್ನು ಕಂಡು, ಇದನ್ನು ಓದಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಭಟ್ಟಾರಕರನ್ನೂ ಊರ ಪಂಚರನ್ನೂ ಕೇಳಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಓದಬಲ್ಲರು ಎಂಬ ಉತ್ತರ ಬಂತು. ಸೇಠರು ಸೊಲ್ಲಾಪುರದ ಗೆಳೆಯ ಹೀರಾಚಂದ್ ನೇಮಚಂದರಿಗೆ ತಿಳಿಸಿದರು. ಮರುವರ್ಷ ಹೀರಾಚಂದರು ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಬಂದರು. ಶಾಸ್ತ್ರಿಗಳು ಕಟ್ಟು ಬಿಚ್ಚಿ ಧವಲದ ಮಂಗಲಾಚರಣವನ್ನು ಓದಿ ಹೇಳಿದರು. ಅಷ್ಟು ಕಾಲ ಕಣ್ಣಿಗಷ್ಟೇ ಇದ್ದ ಗ್ರಂಥ ಅಂದು ಕಿವಿಗೆ ಬಿದ್ದಾಗ ಬಸದಿಯಲ್ಲಿ ನೆರೆದಿದ್ದವರಿಗೆ ಆದ ಸಂತೋಷವನ್ನು ಮುಂದೆ ಬರೆದವರೆಲ್ಲ ನೆನೆದಿದ್ದಾರೆ.

ಪ್ರತಿ ಮಾಡಿಸಬೇಕೆಂಬ ಆಲೋಚನೆ ಅಂದೇ ಹುಟ್ಟಿದರೂ ಕೆಲಸ ಹತ್ತಲು ಹನ್ನೆರಡು ವರ್ಷ ಹಿಡಿಯಿತು. ಹಣ ಸೇರಬೇಕಿತ್ತು, ಅದಕ್ಕಿಂತ ಮೊದಲು ಊರವರ ಮನಸ್ಸು ಒಪ್ಪಬೇಕಿತ್ತು. ಓಲೆ ಬಸದಿ ಬಿಟ್ಟು ಹೊರಹೋಗಕೂಡದು, ಮಾಡಿದ ಪ್ರತಿಯೂ ಹೊರಹೋಗಕೂಡದು ಎಂಬುದು ಅವರ ಕಟ್ಟುಪಾಡು. 1896ರಲ್ಲಿ ತಿಂಗಳಿಗೆ 125 ರೂಪಾಯಿ ಸಂಬಳದ ಮೇಲೆ ಬ್ರಹ್ಮಸೂರಿ ಶಾಸ್ತ್ರಿಗಳು ಬರೆಯಲು ಕುಳಿತರು. ಜೊತೆಗೆ ಮಿರಜದ ಗಜಪತಿ ಉಪಾಧ್ಯಾಯರು. ಬ್ರಹ್ಮಸೂರಿಗಳಿಗೆ ಆಯುಷ್ಯ ಸಾಲಲಿಲ್ಲ. ಕೆಲಸದ ನಡುವೆಯೇ ತೀರಿಕೊಂಡರು. ಗಜಪತಿಗಳು ಮುಂದುವರಿಸಿದರು. ಧವಲ, ಜಯಧವಲಗಳ ನಾಗರಿ ಪ್ರತಿ ಮುಗಿಯುವ ಹೊತ್ತಿಗೆ ಸುಮಾರು ಹದಿನಾರು ವರ್ಷ ಸಂದಿದ್ದವು. ಅದೇ ಅವಧಿಯಲ್ಲಿ ಮೂಡುಬಿದಿರೆಯವರೇ ಆದ ದೇವರಾಜ ಸೆಟ್ಟಿ, ಶಾಂತಪ್ಪ ಉಪಾಧ್ಯಾಯ, ಬ್ರಹ್ಮಯ್ಯ ಇಂದ್ರ ಇವರು ಹೊಸಗನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಸಿದ್ಧಪಡಿಸಿದರು.

ಉಳಿದದ್ದು ಮಹಾಧವಲ. ಅದನ್ನು ಮುಟ್ಟಲು ಇನ್ನೂ ಹೆಚ್ಚಿನ ಅಳುಕಿತ್ತು. ಕಡೆಗೆ ನೇಮಿರಾಜ ಸೆಟ್ಟಿಯವರು ಕನ್ನಡದಲ್ಲಿ, ಲೋಕನಾಥ ಶಾಸ್ತ್ರಿಗಳು ನಾಗರಿಯಲ್ಲಿ ಅದರ ಪ್ರತಿ ಮಾಡಿದರು. 1922ರಲ್ಲಿ ಅದು ಮುಗಿಯಿತು. ಮೊದಲ ಗರಿ ಬಿಚ್ಚಿದಲ್ಲಿಂದ ಕೊನೆಯ ಗರಿ ಕಟ್ಟುವವರೆಗೆ 26 ವರ್ಷ.

ಇಪ್ಪತ್ತಾರು ವರ್ಷ ಯಾಕೆ ಬೇಕಾಯಿತು ಎಂದು ಕೇಳುವವರಿಗೆ ಓಲೆಗರಿಯ ಓದು ಹೇಗಿರುತ್ತದೆಂದು ಹೇಳಬೇಕು. ಪದ ಪದದ ನಡುವೆ ಬಿಡುವಿರುವುದಿಲ್ಲ. ಗರಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಕ್ಷರಗಳು ಒಂದೇ ಸಮ ಹರಿಯುತ್ತವೆ. ಹಳಗನ್ನಡ ಲಿಪಿಯಲ್ಲಿ ಪ, ವ, ಮ ಅಕ್ಷರಗಳು ಸುಲಭವಾಗಿ ಒಂದಕ್ಕೊಂದು ಬೆರೆಯುತ್ತವೆ. ದೀರ್ಘದ ಗುರುತು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ದಾರ ಪೋಣಿಸಿದ ತೂತಿನ ಸುತ್ತ ಗರಿ ಹರಿದು ನಾಲ್ಕಾರು ಅಕ್ಷರ ಹೋಗಿರುತ್ತವೆ. ಭಾಷೆಯೋ ಪ್ರಾಕೃತ, ನಡುನಡುವೆ ಸಂಸ್ಕೃತ. ವಿಷಯ ಕರ್ಮಸಿದ್ಧಾಂತ; ಒಂದೊಂದು ಪರಿಭಾಷೆಯೂ ಗಟ್ಟಿ ಅಭ್ಯಾಸ ಬೇಡುತ್ತದೆ. ಲಿಪಿ ಬಲ್ಲವನಿಗೆ ಸಿದ್ಧಾಂತ ಬರದಿದ್ದರೆ ಪದ ಒಡೆಯುವುದು ತಪ್ಪುತ್ತದೆ, ಸಿದ್ಧಾಂತ ಬಲ್ಲವನಿಗೆ ಲಿಪಿ ಬರದಿದ್ದರೆ ಕಟ್ಟು ಬಿಚ್ಚಿಯೂ ಉಪಯೋಗವಿಲ್ಲ. ಎರಡೂ ಕೂಡಿದವರು ಆ ಕಾಲದಲ್ಲೇ ಬೆರಳೆಣಿಕೆಯಷ್ಟು ಮಂದಿ.

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ಹಗಲು ಬಸದಿಯಲ್ಲಿ ನಾಗರಿ ಪ್ರತಿ ಬರೆಯುತ್ತಿದ್ದ ಗಜಪತಿ ಉಪಾಧ್ಯಾಯರು ಮನೆಯಲ್ಲಿ ಗುಟ್ಟಾಗಿ ಕನ್ನಡದಲ್ಲಿ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತಿದ್ದರು. ಬರೆಯಲು ನೆರವಾದವರು ಅವರ ಹೆಂಡತಿ ಲಕ್ಷ್ಮೀಬಾಯಿ. ಆ ಪ್ರತಿಯನ್ನು ಒಯ್ದು ಸೊಲ್ಲಾಪುರದಲ್ಲಿ ಹೀರಾಚಂದರಿಗೂ ಮುಂಬಯಿಯಲ್ಲಿ ಮಾಣಿಕಚಂದರಿಗೂ ತೋರಿಸಿದರು. ಇಬ್ಬರೂ ಮೂಡುಬಿದಿರೆಯವರಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ತಮ್ಮ ಮಂದಿರದಲ್ಲಿ ಇರಿಸಿಕೊಂಡರು. ಅಲ್ಲಿ ವಿಜಯಚಂದ್ರಯ್ಯ ಎಂಬ ಕನ್ನಡ ಬಲ್ಲ ಪಂಡಿತರು ಓದಿ ಹೇಳುತ್ತ, ಸೀತಾರಾಮ ಶಾಸ್ತ್ರಿಗಳು ಬರೆಯುತ್ತ ನಾಗರಿ ಪ್ರತಿ ತಯಾರಾಯಿತು. ಸೀತಾರಾಮ ಶಾಸ್ತ್ರಿಗಳೂ ತಮಗೊಂದು ಪ್ರತಿ ಇಟ್ಟುಕೊಂಡರು. ಅದರಿಂದ ಅಮರಾವತಿ, ಕಾರಂಜಾ, ಆರಾ, ಸಾಗರ, ದೆಹಲಿ, ಇಂದೂರುಗಳಿಗೆ ಪ್ರತಿಗಳು ಹೋದವು. ಗಜಪತಿ ಉಪಾಧ್ಯಾಯರು ಇದರ ಫಲ ಕಾಣಲು ಉಳಿಯಲಿಲ್ಲ, 1923ರಲ್ಲಿ ತೀರಿಕೊಂಡರು. ಲಕ್ಷ್ಮೀಬಾಯಿ ಅವರಿಗಿಂತ ಮೊದಲೇ ಹೋಗಿದ್ದರು.

ಗಜಪತಿಗಳು ಮಾಡಿದ್ದು ಸರಿಯೋ? ಅವರನ್ನು ನಂಬಿ ಕಟ್ಟು ಬಿಚ್ಚಿಕೊಟ್ಟವರ ಕಣ್ಣಿನಿಂದ ನೋಡಿದರೆ ಅದು ವಿಶ್ವಾಸದ್ರೋಹವೇ. ಸೊಲ್ಲಾಪುರ, ಮುಂಬಯಿಯ ಸೇಠರು ಕೈಗೆ ಬಂದದ್ದನ್ನೂ ಬೇಡವೆಂದದ್ದು ಆ ಕಾರಣಕ್ಕೇ, ಅವರ ನಡತೆ ದೊಡ್ಡದು. ಆದರೂ ಸಾವಿರಾರು ಶ್ಲೋಕಗಳನ್ನು ಚಿಮಣಿ ದೀಪದ ಕಾಲದಲ್ಲಿ ಎರಡನೆಯ ಸಲ ಬರೆದ ಗಂಡಹೆಂಡಿರ ಶ್ರಮ ಇಲ್ಲದಿದ್ದರೆ ಧವಲದ ಮುದ್ರಣ ಇನ್ನೆಷ್ಟು ದಶಕ ತಡವಾಗುತ್ತಿತ್ತೋ. ದೇಮಿಯಕ್ಕ, ಮಲ್ಲಿಕಬ್ಬೆಯರ ಸಾಲಿನಲ್ಲಿ ಲಕ್ಷ್ಮೀಬಾಯಿಯನ್ನೂ ನಾನು ನಿಲ್ಲಿಸುತ್ತೇನೆ.

ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಹೀರಾಲಾಲ್ ಜೈನರು ಆ ಪ್ರತಿಗಳ ಆಧಾರದ ಮೇಲೆ ಧವಲದ ಸಂಪಾದನೆಗೆ ಇಳಿದರು. ಫೂಲಚಂದ್ರ ಸಿದ್ಧಾಂತಶಾಸ್ತ್ರಿಗಳು ಜೊತೆಗಿದ್ದರು. ನಮ್ಮವರೇ ಆದ, ಬೆಳಗಾವಿ ಸೀಮೆಯ ಸದಲಗದ ಆ.ನೇ. ಉಪಾಧ್ಯೆಯವರು ಸಲಹೆಗೆ ನಿಂತರು. ವಿದಿಶೆಯ ಸೇಠ್ ಲಕ್ಷ್ಮೀಚಂದರ ದಾನದಿಂದ 1939ರಲ್ಲಿ ಮೊದಲ ಸಂಪುಟ ಹೊರಬಂತು. ಅದು ಮೂಡುಬಿದಿರೆಯ ಓಲೆಯನ್ನು ನೋಡದೆ, ಅದರ ಪ್ರತಿಯ ಪ್ರತಿಯ ಪ್ರತಿಯಿಂದ ಸಿದ್ಧವಾದ ಸಂಪುಟ. ಸಂಪಾದಕರಿಗೇ ಹಲವೆಡೆ ಪಾಠ ಜಾರಿದೆಯೆಂಬ ಗುಮಾನಿ ಇತ್ತು.

ಪುಸ್ತಕ ಮೂಡುಬಿದಿರೆಗೆ ತಲುಪಿತು. ಊರವರು ಸಿಟ್ಟಾಗಬಹುದಿತ್ತು. ತಮ್ಮ ಕಟ್ಟುಪಾಡು ಮುರಿದು ಹೊರಹೋದ ಪ್ರತಿಯಿಂದಲೇ ಅದು ಅಚ್ಚಾಗಿತ್ತಲ್ಲ. ಅದರ ಬದಲು ಭಟ್ಟಾರಕ ಚಾರುಕೀರ್ತಿ ಸ್ವಾಮಿಗಳೂ ಬಸದಿಯ ಮೊಕ್ತೇಸರರೂ ಅಚ್ಚುಕಟ್ಟಾದ ಕೆಲಸ ಕಂಡು ಸಂತೋಷಪಟ್ಟರು, ಮುಂದಿನ ಸಂಪುಟಗಳಿಗೆ ಓಲೆಯ ಪಾಠ ಹೋಲಿಸಿ ಕೊಡಲು ಒಪ್ಪಿದರು. ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರಂಥ ಹಿರಿಯರ ಮಾತು ಇಲ್ಲಿ ಕೆಲಸ ಮಾಡಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಹಿಡಿಸುವ ಗಳಿಗೆ ಇದು. ಕಾಯುವುದೇ ಧರ್ಮವೆಂದು ನಂಬಿದ್ದವರು, ಕೊಡುವುದೂ ಧರ್ಮವೆಂದು ತಾವೇ ನಿರ್ಧರಿಸಿದರು. ಯಾವ ಕೋರ್ಟೂ ಸರಕಾರವೂ ಅವರನ್ನು ಒತ್ತಾಯಿಸಿರಲಿಲ್ಲ.

ಓಲೆಯ ಮುಂದೆ ಕುಳಿತು ಪಾಠ ಹೋಲಿಸುವ ಹೊಣೆ ಲೋಕನಾಥ ಶಾಸ್ತ್ರಿಗಳ ಮೇಲೆ ಬಂತು. ಮಹಾಧವಲವನ್ನು ಅಕ್ಷರ ಅಕ್ಷರವಾಗಿ ಬರೆದಿದ್ದ ಕೈ ಅದು. ಮೂಡುಬಿದಿರೆಯಲ್ಲಿ ವೀರವಾಣಿ ವಿಲಾಸ ಜೈನ ಸಿದ್ಧಾಂತ ಭವನವನ್ನು ಕಟ್ಟಿ, ಹಳ್ಳಿಹಳ್ಳಿಯ ಓಲೆಕಟ್ಟುಗಳು ಹಾಳಾಗದಂತೆ ಕೂಡಿಸಿದ ಪಂಡಿತರು. 1941ರ ಮೂರನೆಯ ಸಂಪುಟದಿಂದ ಮೂಡುಬಿದಿರೆಯ ಪಾಠಾಂತರಗಳು ಪುಸ್ತಕದಲ್ಲಿ ಸೇರತೊಡಗಿದವು.

ಅದರಿಂದ ಏನಾಯಿತೆಂಬುದಕ್ಕೆ ಒಂದು ಸೂತ್ರದ ಕಥೆ ಸಾಕು. ಮೊದಲ ಸಂಪುಟದ 93ನೆಯ ಸೂತ್ರ ಮನುಷ್ಯ ಸ್ತ್ರೀಯರ ಗುಣಸ್ಥಾನಗಳನ್ನು, ಅಂದರೆ ಜೀವ ಏರುವ ಆತ್ಮಶುದ್ಧಿಯ ಮೆಟ್ಟಿಲುಗಳನ್ನು, ಹೇಳುವಂಥದ್ದು. ಪುಷ್ಪದಂತರು ಬನವಾಸಿಯಲ್ಲಿ ರಚಿಸಿದ ಭಾಗದ್ದೇ. ಅಮರಾವತಿಯ ಪ್ರತಿಯಲ್ಲಿ ಅಲ್ಲಿ ‘ಸಂಜದ’ ಎಂಬ ಪದ ಇರಲಿಲ್ಲ. ಸಂಜದ ಎಂದರೆ ಸಂಯತ, ಪೂರ್ಣ ಸಂಯಮದ ಸ್ಥಿತಿಗೆ ಏರಿದ ಜೀವ. ಹಿಂದಿನ ಮುಂದಿನ ವ್ಯಾಖ್ಯಾನ ನೋಡಿದರೆ ಆ ಪದ ಇರಲೇಬೇಕೆಂದು ಸಂಪಾದಕರು ಅಡಿಟಿಪ್ಪಣಿ ಹಾಕಿದರು. ಅಷ್ಟಕ್ಕೇ ದೊಡ್ಡ ಗಲಾಟೆ ಎದ್ದಿತು. ಆ ಪದ ಸೇರಿದರೆ ಸ್ತ್ರೀಯರಿಗೂ ಆ ಸ್ಥಾನ ಉಂಟೆಂದು ಆಗಮವೇ ಹೇಳಿದಂತಾಗುತ್ತದೆ, ಸ್ತ್ರೀಮುಕ್ತಿಯನ್ನು ಒಪ್ಪದ ದಿಗಂಬರ ಸಿದ್ಧಾಂತದ ಗತಿಯೇನು ಎಂದು ಒಂದು ಪಕ್ಷ. ಇಲ್ಲಿನ ಮಾತು ಭಾವವೇದಕ್ಕೆ, ಅಂದರೆ ದೇಹದ ಲಿಂಗಕ್ಕಲ್ಲ, ಮನೋಭಾವದ ಲಿಂಗಕ್ಕೆ ಸಂಬಂಧಿಸಿದ್ದು, ಸಿದ್ಧಾಂತಕ್ಕೆ ಬಾಧೆಯಿಲ್ಲ ಎಂದು ಇನ್ನೊಂದು ಪಕ್ಷ. ವರ್ಷಗಟ್ಟಲೆ ಲೇಖನ, ಪ್ರತಿಲೇಖನ, ಸಭೆ, ವಾದ. ಮೂಡುಬಿದಿರೆಯಲ್ಲಿ ಓಲೆ ಬಿಡಿಸಿ ನೋಡಿದರು. ‘ಸಂಜದ’ ಪದ ಅಲ್ಲಿ ಇತ್ತು.

ಅದು ಹೇಗೆ ಬಿಟ್ಟುಹೋಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆ ಸೂತ್ರದಲ್ಲಿ ಅಸಂಜದ, ಸಂಜದಾಸಂಜದ, ಸಂಜದ ಎಂದು ಒಂದೇ ಧ್ವನಿಯ ಪದಗಳು ಬೆನ್ನು ಬೆನ್ನಿಗೆ ಬರುತ್ತವೆ. ಬರೆಯುವವನ ಕಣ್ಣು ಓಲೆಯಿಂದ ಕಾಗದಕ್ಕೆ ಹೋಗಿ ಮರಳುವಾಗ ಒಂದು ‘ಸಂಜದ’ದ ಬದಲು ಇನ್ನೊಂದರ ಮೇಲೆ ಕೂತರೆ ಮುಗಿಯಿತು. ಮೂರು ಅಕ್ಷರ ಜಾರಿದರೆ ಹೆಣ್ಣಿನ ಮೋಕ್ಷದ ಪ್ರಶ್ನೆಯೇ ಅಲುಗಾಡುತ್ತದೆ. ದೇಮಿಯಕ್ಕನಿಂದ ಲಕ್ಷ್ಮೀಬಾಯಿಯವರೆಗೆ ಹೆಂಗಸರ ಕೈ ಹಿಡಿದೇ ಉಳಿದು ಬಂದ ಗ್ರಂಥದಲ್ಲಿ, ಹೆಂಗಸರ ವಿಷಯದ ಸೂತ್ರಕ್ಕೇ ಈ ಕುತ್ತು ಬಂದದ್ದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಪ್ರತಿ ಎಷ್ಟು ಊರಿಗೆ ಹಂಚಿದರೂ ಮೂಲದ ಓಲೆ ಬೇಕು, ಅದನ್ನು ಓದುವವರೂ ಬೇಕು.

ಧವಲದ ಹದಿನಾರು ಸಂಪುಟಗಳು 1950ರ ದಶಕದ ಕೊನೆಗೆ ಮುಗಿದವು. ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗರು ಬರೆದ ಲೇಖನದಿಂದ ಗಣಿತಲೋಕವೂ ಇತ್ತ ತಿರುಗಿ ನೋಡಿತು. ವೀರಸೇನರು ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬುದನ್ನು ಅರ್ಧಚ್ಛೇದ ಎಂದು ಕರೆದು ಅದರ ನಿಯಮಗಳನ್ನು ಹೇಳುತ್ತಾರೆ. 32ರ ಅರ್ಧಚ್ಛೇದ 5. ಇಂದು ಕಂಪ್ಯೂಟರ್ ಕಲಿಯುವ ಮಕ್ಕಳು ಎರಡರ ಆಧಾರದ ಲಾಗರಿದಮ್ ಎಂದು ಓದುವುದು ಇದನ್ನೇ. ಯುರೋಪಿನಲ್ಲಿ ಲಾಗರಿದಮ್ ಹುಟ್ಟಿದ್ದು ಹದಿನೇಳನೆಯ ಶತಮಾನದಲ್ಲಿ. ಮಹಾಬಂಧದ ಮೊದಲ ಸಂಪುಟವನ್ನು ಸುಮೇರುಚಂದ್ರ ದಿವಾಕರರು ಸಂಪಾದಿಸಿ 1947ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಹೊರತಂದಿತು. ಉಳಿದವು 1958ರ ಒಳಗೆ ಬಂದವು. ಜಯಧವಲ 1944ರಲ್ಲಿ ಮಥುರೆಯಲ್ಲಿ ಶುರುವಾಗಿ 1988ರವರೆಗೂ ನಡೆಯಿತು.

ಇನ್ನು ಭುಜಬಲಿ ಶಾಸ್ತ್ರಿಗಳು. ಲೋಕನಾಥ ಶಾಸ್ತ್ರಿಗಳು ಒಂದು ಮಹಾಗ್ರಂಥದ ಆಳಕ್ಕೆ ಇಳಿದವರಾದರೆ, ಇವರು ಇಡೀ ಸೀಮೆಯ ಓಲೆಕಟ್ಟುಗಳ ಲೆಕ್ಕ ಹಿಡಿದವರು. ಬಿಹಾರದ ಆರಾ ಪಟ್ಟಣದಲ್ಲಿ ಬಾಬು ದೇವಕುಮಾರರು 1903ರಲ್ಲಿ ಸ್ಥಾಪಿಸಿದ ಜೈನ ಸಿದ್ಧಾಂತ ಭವನ ಎಂಬ ದೊಡ್ಡ ಗ್ರಂಥಾಲಯವಿದೆ. ದಕ್ಷಿಣದಿಂದ ಸಂಗ್ರಹಿಸಿ ಒಯ್ದ ಕನ್ನಡ ಲಿಪಿಯ ಓಲೆಗಳೂ ಅಲ್ಲಿದ್ದವು. ಭುಜಬಲಿ ಶಾಸ್ತ್ರಿಗಳು ಅದರ ಗ್ರಂಥಪಾಲರಾಗಿ ದೀರ್ಘಕಾಲ ದುಡಿದರು. ಅಲ್ಲಿಂದ ಹೊರಡುತ್ತಿದ್ದ ‘ಜೈನ ಸಿದ್ಧಾಂತ ಭಾಸ್ಕರ’ ಪತ್ರಿಕೆಯ ಸಂಪಾದಕರಲ್ಲಿ ಒಬ್ಬರಾದರು. ತುಳುನಾಡಿನ ಒಬ್ಬ ಪಂಡಿತ ಗಂಗೆಯ ಬಯಲಿನಲ್ಲಿ ಕುಳಿತು ಪಂಪ, ರನ್ನ, ಜನ್ನರ ಬಗೆಗೆ, ಬಾರಕೂರು, ಕಾರ್ಕಳ, ವೇಣೂರುಗಳ ಜೈನ ಚರಿತ್ರೆಯ ಬಗೆಗೆ ಹಿಂದಿಯಲ್ಲಿ ಬರೆದು, ಕನ್ನಡ ತಿಳಿಯದ ವಿದ್ವಾಂಸರಿಗೆ ಕರ್ನಾಟಕವನ್ನು ಪರಿಚಯಿಸಿದರು. 1942ರಲ್ಲಿ ಅವರು ಸಂಪಾದಿಸಿದ ‘ಪ್ರಶಸ್ತಿ ಸಂಗ್ರಹ’ ಆರಾದಿಂದ ಪ್ರಕಟವಾಯಿತು. ಹಸ್ತಪ್ರತಿಯ ಆದಿ ಅಂತ್ಯಗಳಲ್ಲಿ ಬರುವ ಕವಿಯ, ಗುರುವಿನ, ಬರೆಸಿದವರ, ಬರೆದವರ ವಿವರಗಳನ್ನು ಆಯ್ದು ಕೊಡುವ ಪುಸ್ತಕವದು. ಚರಿತ್ರೆ ಬರೆಯುವವನಿಗೆ ಗ್ರಂಥದ ಒಳಗಿನ ಸಾವಿರ ಶ್ಲೋಕಕ್ಕಿಂತ ಈ ನಾಲ್ಕು ಸಾಲು ಎಷ್ಟೋ ಸಲ ಹೆಚ್ಚು ಬೆಲೆಯದು. ದೇಮಿಯಕ್ಕ ನಮಗೆ ಸಿಕ್ಕಿದ್ದು ಅಂಥ ಸಾಲುಗಳಿಂದಲೇ.

ಸಾಹು ಶಾಂತಿಪ್ರಸಾದ ಜೈನರು ಮತ್ತು ರಮಾ ಜೈನರು 1944ರಲ್ಲಿ ಭಾರತೀಯ ಜ್ಞಾನಪೀಠವನ್ನು ಕಟ್ಟಿದಾಗ ಅವರ ಮನಸ್ಸಿನಲ್ಲಿದ್ದ ಮೊದಲ ಕೆಲಸಗಳಲ್ಲಿ ದಕ್ಷಿಣದ ಓಲೆಗ್ರಂಥಗಳ ಶೋಧವೂ ಒಂದು. ಇಂದು ಸಾಹಿತ್ಯ ಪ್ರಶಸ್ತಿಯ ಹೆಸರಾಗಿ ಮನೆಮಾತಾಗಿರುವ ಆ ಸಂಸ್ಥೆಗಾಗಿ ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆಗೆ ಬಂದು ಕುಳಿತರು. ಮಠ, ಜೈನ ಭವನ, ಸಿದ್ಧಾಂತ ಬಸದಿ, ಕಾರ್ಕಳದ ಮಠ, ಅಳಿಯೂರಿನ ಗ್ರಂಥಭಂಡಾರ ಎಲ್ಲವನ್ನೂ ಜಾಲಾಡಿ 1948ರಲ್ಲಿ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯನ್ನು ಹೊರತಂದರು.

ಸೂಚಿ ಎಂದರೆ ಬರೀ ಪಟ್ಟಿ ಎಂದು ತಿಳಿಯುವವರು ಒಂದು ಕಟ್ಟನ್ನು ಎದುರಿಗಿಟ್ಟುಕೊಂಡು ನೋಡಬೇಕು. ಮೇಲಿನ ಹಲಗೆಯಲ್ಲಿ ಹೆಸರಿರುವುದಿಲ್ಲ, ಇದ್ದರೂ ಒಳಗಿನ ಗ್ರಂಥ ಅದೇ ಎಂಬ ಖಾತರಿ ಇಲ್ಲ. ಒಂದೇ ಕಟ್ಟಿನಲ್ಲಿ ಆಗಮ, ವೈದ್ಯ, ಜ್ಯೋತಿಷ, ಮಂತ್ರ, ಒಂದು ಅರ್ಧಂಬರ್ಧ ಕಾವ್ಯ ಸೇರಿಕೊಂಡಿರುತ್ತವೆ. ಗರಿಗಳ ಅನುಕ್ರಮ ತಪ್ಪಿರುತ್ತದೆ. ಒಂದಕ್ಕೊಂದು ಅಂಟಿದ ಗರಿಗಳನ್ನು ಅವಸರದಲ್ಲಿ ಎಳೆದರೆ ಬರಹದ ಸಮೇತ ಸಿಗುರು ಏಳುತ್ತದೆ. ಪ್ರತಿಯೊಂದನ್ನೂ ಆದಿ ಅಂತ್ಯ ಓದಿ, ಗ್ರಂಥ ಯಾವುದು, ಕರ್ತೃ ಯಾರು, ಭಾಷೆ, ವಿಷಯ, ಗರಿಗಳೆಷ್ಟು, ಪೂರ್ಣವೋ ಅಪೂರ್ಣವೋ, ಸ್ಥಿತಿ ಹೇಗಿದೆ ಎಂದು ಗುರುತಿಸಿ ಬರೆಯಬೇಕು. ಅಂಥ ಸಾವಿರಾರು ಗ್ರಂಥಗಳನ್ನು ಅವರು ಕಂಡು ಬರೆದರು. ಆಮೇಲಿನ ಮುಕ್ಕಾಲು ಶತಮಾನದಲ್ಲಿ ಮೂಡುಬಿದಿರೆಯ ಓಲೆಗಳ ಮೇಲೆ ಕೆಲಸ ಮಾಡಿದವರು ಮೊದಲು ತೆರೆದದ್ದು ಆ ಸೂಚಿಯನ್ನೇ.

ವಯಸ್ಸಾದ ಮೇಲೂ ಅವರ ಲೇಖನಿ ನಿಲ್ಲಲಿಲ್ಲ. ವಾರಾಣಸಿಯ ಪಾರ್ಶ್ವನಾಥ ವಿದ್ಯಾಶ್ರಮದ ‘ಜೈನ ಸಾಹಿತ್ಯ ಕಾ ಬೃಹದ್ ಇತಿಹಾಸ್’ ಮಾಲೆಯ ಏಳನೆಯ ಸಂಪುಟ 1981ರಲ್ಲಿ ಬಂತು. ಅದರ ಕನ್ನಡ ಭಾಗ ಭುಜಬಲಿ ಶಾಸ್ತ್ರಿಗಳದ್ದು. ಮೂಡುಬಿದಿರೆಯವನೇ ಆದ ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಹಿಂದಿಯ ಓದುಗ ಅಲ್ಲಿ, ಕನ್ನಡ ಜೈನಸಾಹಿತ್ಯದ ಇಡೀ ಪರಂಪರೆಯೊಳಗೆ ಇಟ್ಟು ನೋಡಬಹುದು.

ಈಗ ನಮ್ಮ ಸೀಮೆಯಲ್ಲಿ ಪರಂಪರೆಯನ್ನು ಕಾಯುವ ಕೇಂದ್ರಗಳಿಗೆ ಬರವಿಲ್ಲ. ಮೂಡುಬಿದಿರೆಯ ಮಠದಲ್ಲಿ ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನವಿದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯ, ಉಜಿರೆಯಲ್ಲಿ ಹಸ್ತಪ್ರತಿಗಳನ್ನು ಕಾಯುವ ಸಂಶೋಧನ ಪ್ರತಿಷ್ಠಾನ ಇವೆ. ಪಂಜೆ ಮಂಗೇಶರಾಯರು ಹುಟ್ಟಿದ ಬಂಟ್ವಾಳದಲ್ಲಿ, ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ, ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ತುಳುವರ ಬದುಕಿನ ಹಳೆಯ ವಸ್ತುಗಳನ್ನು ಕೂಡಿಸಿಟ್ಟಿದೆ. ಓಲೆಗೆ ಎಣ್ಣೆ ಸವರುವ, ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸುವ ವ್ಯವಸ್ಥೆ ಹಿಂದೆಂದಿಗಿಂತ ಚೆನ್ನಾಗಿದೆ. ಕೊರತೆ ಇರುವುದು ಓದುವವರದ್ದು. ಚಿತ್ರವಾಗಿ ಉಳಿದ ಗರಿ ಮತ್ತೆ ದರ್ಶನಕ್ಕಷ್ಟೇ ಉಳಿದಂತೆ. 1883ರಲ್ಲಿ ಮಾಣಿಕಚಂದರು ಕೇಳಿದ ಪ್ರಶ್ನೆಯನ್ನು, ಇದನ್ನು ಓದಬಲ್ಲವರು ಯಾರಾದರೂ ಇದ್ದಾರೆಯೇ ಎಂಬುದನ್ನು, ಇಂದು ಬಂಟ್ವಾಳ, ಬೆಳ್ತಂಗಡಿಯ ಗುತ್ತಿನ ಮನೆಗಳ ಅಟ್ಟದಲ್ಲಿ ಕಟ್ಟು ಸಿಕ್ಕಾಗಲೂ ಕೇಳಬೇಕಾಗಿದೆ. ಅಲ್ಲಿ ಸಿಗುವವು ಎಷ್ಟೋ ತಿಗಳಾರಿ ಲಿಪಿಯವು, ಅದನ್ನು ಬಲ್ಲವರು ಇನ್ನೂ ಕಡಿಮೆ.

ಅಗಲಿದ ಪಂಡಿತರಿಗೆ ವರ್ಷಕ್ಕೊಂದು ಸಂಸ್ಮರಣ ಸಭೆ, ಶಾಲು, ಹಾರ ಮಾಡುವುದು ನಮ್ಮಲ್ಲಿ ಕಷ್ಟವಲ್ಲ. ಸಭಾಭವನಗಳೂ ಇವೆ, ಮನಸ್ಸೂ ಇದೆ. ಅದರ ಜೊತೆಗೆ ಎರಡು ಕೆಲಸ ಆಗಲಿ ಎಂದು ನನ್ನ ಕೋರಿಕೆ. ಮೂಡುಬಿದಿರೆ, ಉಜಿರೆ, ಬಂಟ್ವಾಳದ ಕಾಲೇಜುಗಳ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ರಜೆಯಲ್ಲಿ ಹಳಗನ್ನಡ ಮತ್ತು ತಿಗಳಾರಿ ಲಿಪಿಯ ಓದನ್ನು ಓಲೆಯ ಮುಂದೆಯೇ ಕೂರಿಸಿ ಕಲಿಸುವ ಶಿಬಿರ ಲೋಕನಾಥ ಶಾಸ್ತ್ರಿಗಳ ಹೆಸರಿನಲ್ಲಿ ನಡೆಯಲಿ. ಭುಜಬಲಿ ಶಾಸ್ತ್ರಿಗಳು ಹಿಂದಿಯಲ್ಲಿ ಕೊಟ್ಟ ಗ್ರಂಥಸೂಚಿ, ಅವರು ನಮೂದಿಸಿದ ಒಂದೊಂದು ಕಟ್ಟೂ ಇಂದು ಎಲ್ಲಿದೆ, ಹೇಗಿದೆ ಎಂಬ ಪರಿಶೀಲನೆಯೊಂದಿಗೆ, ಕನ್ನಡದಲ್ಲಿ ಪ್ರತಿ ತಾಲೂಕಿನ ಗ್ರಂಥಾಲಯದ ಕಪಾಟಿಗೂ ಬರಲಿ.